ಧ್ವನಿಮುದ್ರಿಕೆಯೂ ಶ್ರೋತೃವಿನ ಋಣವೂ

ಗಾನವು ಇರುವುದು ಎಲ್ಲಿ? ಹಾಡುವವನ ಕೊರಳಿನಲ್ಲಿಯೋ, ಕೇಳುವವನ ಕಿವಿಯಲ್ಲಿಯೋ, ಇಬ್ಬರ ನಡುವಣ ಆಕಾಶದಲ್ಲಿಯೋ? ಪ್ರಾಚೀನ ದಾರ್ಶನಿಕರು ಇದನ್ನು ಶಬ್ದವು ನಿತ್ಯವೋ ಅನಿತ್ಯವೋ ಎಂಬ ರೂಪದಲ್ಲಿ ಎತ್ತಿಕೊಂಡು ಬಹುಕಾಲ ವಾದಿಸಿದರು. ಅವರಿಗೆ ಅದು ವೇದಪ್ರಾಮಾಣ್ಯದ ಪ್ರಶ್ನೆಯಾಗಿದ್ದಿತು. ಇಂದಿನ ಗೃಹಸ್ಥನಿಗೆ ಅದೇ ಪ್ರಶ್ನೆಯು ಅಂಗೈಯಗಲದ ಯಂತ್ರದ ವೇಷವನ್ನು ಧರಿಸಿ ನಡುಮನೆಗೇ ಬಂದು ನಿಂತಿದೆ. ಕುಷ್ಟಗಿಯಲ್ಲಿಯೋ ಯಲಬುರ್ಗಾದಲ್ಲಿಯೋ ಒಂದು ಮನೆಯಲ್ಲಿ ಮದುವೆ ನಡೆದಿದೆಯೆಂದು ಇಟ್ಟುಕೊಳ್ಳಬಹುದು. ಗುಂಡಿಯನ್ನು ಒತ್ತಿದೊಡನೆಯೇ ಭೀಮಸೇನ ಜೋಶಿಯವರು ಪುರಂದರದಾಸರ ಪದವನ್ನು ಹಾಡತೊಡಗುತ್ತಾರೆ. 2011ರಲ್ಲಿ ದಿವಂಗತರಾದ ಮಹನೀಯರ ಕೊರಳು ಚಪ್ಪರದ ತುಂಬ ಮೊಳಗುತ್ತದೆ. ಬಂದವರು ಊಟ ಮಾಡುತ್ತಾರೆ, ಮಾತಾಡುತ್ತಾರೆ. ಅದೇ ಓಣಿಯ ಕೊನೆಯಲ್ಲಿ ಪೇಟಿಯನ್ನು ಮುಂದಿಟ್ಟುಕೊಂಡು ದಾಸರ ಪದಗಳನ್ನು ಹಾಡುವ ಒಬ್ಬನಿದ್ದಾನೆ. ಅವನನ್ನು ಯಾರೂ ಕರೆಯಲಿಲ್ಲ. ಆ ಮನೆಯವರು ಯಾರಿಗಾದರೂ ಅನ್ಯಾಯ ಮಾಡಿದರೇ? ಮಾಡಿದ್ದರೆ ಯಾರಿಗೆ? ಈ ಪ್ರಶ್ನೆಯು ನೋಟಕ್ಕೆ ಸಣ್ಣದು. ವಿಚಾರಿಸುತ್ತ ಹೋದಂತೆ ಧರ್ಮವಿಚಾರದ ಒಳಮನೆಗೇ ಕರೆದೊಯ್ಯುತ್ತದೆ.

ಮೊದಲು ಯಂತ್ರದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ನೋಡಬೇಕು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಮುದ್ರಣಕಾರನು ವಿಲಾಯತಿಯಿಂದ ಕಲಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಧ್ವನಿಯನ್ನು ಮುದ್ರಿಸಿಕೊಂಡನು. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿದ್ದಿತು. ಧ್ವನಿಯ ಕಂಪನವು ಕಹಳೆಯ ತುದಿಯಲ್ಲಿದ್ದ ತೆಳುವಾದ ಪೊರೆಯನ್ನು ಅಲುಗಿಸುವುದು; ಪೊರೆಗೆ ಹೊಂದಿಕೊಂಡ ಸೂಜಿಯು ತಿರುಗುವ ಮೇಣದ ತಟ್ಟೆಯ ಮೇಲೆ ಗೀರು ಕೊರೆಯುವುದು; ಆ ಗೀರಿನಿಂದ ಅಚ್ಚು ತೆಗೆದು ಅರಗಿನ ತಟ್ಟೆಗಳನ್ನು ಒತ್ತುವರು. ತಟ್ಟೆಯು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವುದು. ಒಂದು ಮೈಯಲ್ಲಿ ಮೂರು ಮೂರೂವರೆ ನಿಮಿಷಗಳ ಹಾಡು ಮಾತ್ರ ಹಿಡಿಸುವುದು. ಹಾಡು ಮುಗಿದೊಡನೆ ಗೌಹರ್ ಜಾನರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುವ ಕಾರಖಾನೆಯು ಜರ್ಮನಿಯ ಹಾನೋವರ್ ಪಟ್ಟಣದಲ್ಲಿದ್ದುದರಿಂದ, ಹಾಡಿದವರು ಯಾರೆಂಬುದನ್ನು ಅಲ್ಲಿಯ ಕೆಲಸಗಾರರು ತಿಳಿಯಲೆಂಬುದೇ ಅದರ ಕಾರಣವು. ಆ ಗಾಯಕಿಯು ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಹೆಸರನ್ನು ಕೂಗಿದ ಧ್ವನಿಯು ಮಾತ್ರ ಇಂದಿಗೂ ಕೇಳಬರುತ್ತದೆ. ಅನಂತರ 1925ರ ಸುಮಾರಿಗೆ ವಿದ್ಯುತ್ತಿನ ಮುದ್ರಣವೂ, 1948ರಲ್ಲಿ ಒಂದು ಮೈಗೆ ಇಪ್ಪತ್ತು ನಿಮಿಷಗಳಿಗೂ ಮಿಗಿಲಾಗಿ ಹಿಡಿಸುವ ದೊಡ್ಡ ತಟ್ಟೆಯೂ, ಆಮೇಲೆ ಕ್ಯಾಸೆಟ್ಟೂ, ಈಗ ಮೊಬೈಲೂ ಬಂದವು.

ಮುದ್ರಿಕೆಯ ಪರವಾದ ಪೂರ್ವಪಕ್ಷವು ಬಹಳ ಪ್ರಬಲವಾಗಿದೆ; ಅದನ್ನು ತೆಳುವಾಗಿಸಿ ಹೇಳುವುದು ನ್ಯಾಯವಲ್ಲ. ತಟ್ಟೆಯು ಬರುವುದಕ್ಕೆ ಮುಂಚೆ ದೊಡ್ಡ ಗಾಯಕರ ಗಾನವು ಅರಮನೆಗಳಲ್ಲಿ, ಜಹಗೀರುದಾರರ ವಾಡೆಗಳಲ್ಲಿ, ಶ್ರೀಮಂತರ ಬೈಠಕ್ಕುಗಳಲ್ಲಿ ಕೇಳಬರುತ್ತಿದ್ದಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರ ವರೆಗೆ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಹುಬ್ಬಳ್ಳಿ ಧಾರವಾಡಗಳಲ್ಲಿ ಅಬ್ದುಲ್ ಕರೀಮ್ ಖಾನರು ಹಾಡಿದರೆಂಬ ಸುದ್ದಿಯು ಈ ಸೀಮೆಯ ಒಕ್ಕಲಿಗನಿಗೆ ಮುಟ್ಟಿದರೆ, ಮುಟ್ಟುವುದು ಸುದ್ದಿ ಮಾತ್ರವೇ. ತಟ್ಟೆಯು ಆ ಗೋಡೆಯನ್ನು ಒಡೆಯಿತು. ಅದು ಕೇಳುವವನ ಜಾತಿಯನ್ನು ಕೇಳಲಿಲ್ಲ, ವಸ್ತ್ರವನ್ನು ನೋಡಲಿಲ್ಲ. ಬೈಠಕ್ಕಿಗೆ ಬರಲಾರದ ಹೆಣ್ಣುಮಕ್ಕಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಹಾಗಿರುವಾಗ, ಹಿಂದೆ ರಾಜರಿಗೆ ದೊರೆಯುತ್ತಿದ್ದ ಸುಖವು ಇಂದು ಕುಷ್ಟಗಿಯ ಗೃಹಸ್ಥನಿಗೆ ದೊರೆತರೆ, ಅದನ್ನು ದೋಷವೆಂದು ಎಣಿಸುವುದು ಹಳಬರ ಮತ್ಸರವಲ್ಲದೆ ಮತ್ತೇನು?

ಈ ಪಕ್ಷಕ್ಕೆ ಕನ್ನಡನಾಡೇ ಒದಗಿಸಿದ ದೃಷ್ಟಾಂತವೊಂದುಂಟು. 1922ರ ಫೆಬ್ರುವರಿ 4ರಂದು ಜನಿಸಿ ಗದಗಿನಲ್ಲಿ ಬೆಳೆದ ಬಾಲಕನೊಬ್ಬನು ಅಬ್ದುಲ್ ಕರೀಮ್ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮ್ರಿಯೊಂದನ್ನು ಗ್ರಾಮಫೋನಿನ ತಟ್ಟೆಯಲ್ಲಿ ಕೇಳಿದನು. ಆ ಧ್ವನಿಯು ಅವನನ್ನು ಹಿಡಿದುಕೊಂಡಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟನು. ಗ್ವಾಲಿಯರ, ಕಲಕತ್ತೆ, ಜಾಲಂಧರಗಳವರೆಗೂ ಅಲೆದನು. ಅವನೇ ಮುಂದೆ ಪಂಡಿತ ಭೀಮಸೇನ ಜೋಶಿಯೆಂದು ಪ್ರಸಿದ್ಧಿ ಪಡೆದು, 2008ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರನಾದನು. ಮೂರು ನಿಮಿಷಗಳ ಅರಗಿನ ತಟ್ಟೆಯು ಇಂಥ ಗಾಯಕನನ್ನು ಕೊಡಬಲ್ಲುದಾದರೆ, ಅದು ಗಾನವಲ್ಲವೆಂದು ಹೇಳುವ ಧೈರ್ಯವು ಯಾರಿಗಿದೆ?

ಆದರೆ ಈ ದೃಷ್ಟಾಂತವನ್ನು ಕಡೆಯವರೆಗೆ ಓದಬೇಕು. ಬಾಲಕನು ತಟ್ಟೆಯ ಮುಂದೆಯೇ ಕುಳಿತುಬಿಡಲಿಲ್ಲ. ಊರೂರು ಅಲೆದು, ಕಡೆಗೆ ಗದಗಿಗೆ ಬಹುದೂರವಲ್ಲದ ಕುಂದಗೋಳಕ್ಕೆ ಬಂದು, ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರ ಮನೆಯಲ್ಲಿ ಶಿಷ್ಯನಾಗಿ ನಿಂತನು. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು. ತಟ್ಟೆಯಲ್ಲಿ ಕೇಳಿದ ಗಾನವನ್ನು ಅವನು ಪಡೆದದ್ದು ಜೀವಂತವಾದ ಇನ್ನೊಂದು ಕೊರಳಿನಿಂದ. ನೀರು ಹೊತ್ತು, ಸೇವೆ ಮಾಡಿ, ಬೆಳಗಿನ ಜಾವಕ್ಕೆ ಎದ್ದು ಸಾಧನೆ ಮಾಡಿ. ಏಕಲವ್ಯನು ಮಣ್ಣಿನ ದ್ರೋಣನಿಂದ ಕಲಿತನೆಂಬ ಕಥೆಯು ಎಲ್ಲರಿಗೂ ತಿಳಿದದ್ದೇ. ಮಣ್ಣಿನ ಗುರುವು ದಕ್ಷಿಣೆಯನ್ನು ಕೇಳಲಿಲ್ಲ. ಜೀವಂತನಾದ ಗುರುವು ಬಂದು ಹೆಬ್ಬೆರಳನ್ನು ಕೇಳಿದನು. ದ್ರೋಣನ ಬೇಡಿಕೆಯು ಕ್ರೂರವೆಂಬುದು ನಿಜ. ಆದರೂ ವಿದ್ಯೆಯನ್ನು ಪಡೆದವನು ಋಣಿಯಾಗುತ್ತಾನೆಂಬ ತತ್ತ್ವವನ್ನು ಏಕಲವ್ಯನು ಅಲ್ಲಗಳೆಯಲಿಲ್ಲ. ತಟ್ಟೆಯಾದರೋ ಏನನ್ನೂ ಕೇಳುವುದಿಲ್ಲ. ಅದರ ಔದಾರ್ಯದಲ್ಲಿಯೇ ಅಪಾಯವೂ ಅಡಗಿದೆ.

ಈಗ ಶಾಸ್ತ್ರದ ಕಡೆಗೆ ತಿರುಗಬಹುದು. ಜೈಮಿನಿಯ ಮತಾನುಯಾಯಿಗಳಾದ ಮೀಮಾಂಸಕರು ಶಬ್ದವು ನಿತ್ಯವೆನ್ನುತ್ತಾರೆ. ಉಚ್ಚಾರಣೆಯು ಶಬ್ದವನ್ನು ಹುಟ್ಟಿಸುವುದಿಲ್ಲ. ಕತ್ತಲೆಯಲ್ಲಿದ್ದ ಗಡಿಗೆಯನ್ನು ದೀಪವು ತೋರಿಸುವಂತೆ, ಇದ್ದುದನ್ನೇ ಪ್ರಕಟಗೊಳಿಸುತ್ತದೆ. ನಿನ್ನೆ ಕೇಳಿದ ಗಕಾರವೇ ಇದು ಎಂಬ ಪ್ರತ್ಯಭಿಜ್ಞೆಯು ಅವರಿಗೆ ಪ್ರಮಾಣವು. ಗೌತಮನ ಮತಾನುಯಾಯಿಗಳಾದ ನೈಯಾಯಿಕರು ಶಬ್ದವು ಹುಟ್ಟುವುದು, ಕ್ಷಣಮಾತ್ರವಿದ್ದು ಅಳಿಯುವುದು ಎನ್ನುತ್ತಾರೆ. ನೀರಿನಲ್ಲಿ ತೆರೆಯಿಂದ ತೆರೆಯು ಹುಟ್ಟುವಂತೆ, ಇಲ್ಲವೆ ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವಂತೆ, ಶಬ್ದದಿಂದ ಶಬ್ದವು ಹುಟ್ಟಿ ಕಿವಿಯನ್ನು ಮುಟ್ಟುತ್ತದೆ. ಅದೇ ಇದು ಎಂಬ ಅರಿವು ಸಾದೃಶ್ಯದಿಂದ ಆದ ಭ್ರಮೆ. ದೀಪದ ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯಾಗಿದ್ದರೂ ಒಂದೇ ಎಂದು ತೋರುವಂತೆ.

ಗ್ರಾಮಫೋನನ್ನು ಇವರಿಬ್ಬರ ಮುಂದೆ ಇಟ್ಟರೆ ಮೀಮಾಂಸಕನು ಹಿಗ್ಗುವನು. ಸಾವಿರ ಸಲ ಸೂಜಿಯನ್ನಿಟ್ಟರೂ ಅದೇ ಗಾಂಧಾರವು ಅದೇ ಕಂಪದೊಡನೆ ಬರುವಾಗ ನಿತ್ಯತೆಗೆ ಬೇರೆ ಸಾಕ್ಷಿ ಬೇಕೇ? ನೈಯಾಯಿಕನು ನಕ್ಕು, ಪ್ರತಿಸಲವೂ ಹುಟ್ಟಿದ್ದು ಹೊಸ ಶಬ್ದವೇ, ಕಾರಣವು ಸಮಾನವಾದ್ದರಿಂದ ಕಾರ್ಯವೂ ಸಮಾನವಾಯಿತು ಎನ್ನುವನು. ಈ ವಾದವು ಮುಗಿಯುವಂಥದಲ್ಲ. ಆದರೆ ಒಂದು ಅಂಶದಲ್ಲಿ ಇಬ್ಬರಿಗೂ ಒಮ್ಮತವಿದೆ. ಶಬ್ದವು ಹುಟ್ಟಲಿ ಅಥವಾ ಪ್ರಕಟವಾಗಲಿ, ಮಾತಿನ ಹಿಂದೆ ಪುರುಷಪ್ರಯತ್ನವು ಬೇಕು. ಆತ್ಮನಲ್ಲಿ ಹೇಳಬೇಕೆಂಬ ಇಚ್ಛೆ, ಅದರಿಂದ ಮನಸ್ಸಿನ ಪ್ರೇರಣೆ, ಅದರಿಂದ ದೇಹಾಗ್ನಿ, ಅದರಿಂದ ವಾಯು, ವಾಯುವಿನಿಂದ ಕಂಠಾದಿ ಸ್ಥಾನಗಳಲ್ಲಿ ಧ್ವನಿ: ಹೀಗೆ ನಾದೋತ್ಪತ್ತಿಯ ಕ್ರಮವನ್ನು ಶಿಕ್ಷಾಕಾರರೂ ಸಂಗೀತರತ್ನಾಕರದ ಶಾರ್ಙ್ಗದೇವನೂ ಹೇಳಿದ್ದಾರೆ. ಮುದ್ರಿಕೆಯಲ್ಲಿ ಧ್ವನಿಯಿದೆ, ಆ ಕ್ಷಣದ ಇಚ್ಛೆಯಿಲ್ಲ, ಪ್ರಯತ್ನವಿಲ್ಲ. ಪ್ರಯತ್ನವಿದ್ದಲ್ಲಿ ತಪ್ಪುವ ಸಂಭವವೂ ಇರುತ್ತದೆ. ಕೊರಳು ತಾರಷಡ್ಜಕ್ಕೆ ಏರುವಾಗ ಸಭೆಯು ಉಸಿರು ಹಿಡಿಯುವುದು ಈ ಸಂಭವದಿಂದಲೇ. ಮುದ್ರಿಕೆಯ ಗಾಯಕನು ಹಿಂದೆಯೇ ಷಡ್ಜವನ್ನು ಮುಟ್ಟಿಯಾಗಿದೆ; ಅವನಿಗಾಗಿ ಯಾರೂ ಉಸಿರು ಹಿಡಿಯಬೇಕಾಗಿಲ್ಲ.

ವಾದ್ಯಗಳ ವಿಷಯದಲ್ಲಿಯೂ ಇದನ್ನೇ ಕಾಣಬಹುದು. ಈ ಭಾಗದ ಗಾಯಕರ ತಂಬೂರಿಗಳಿಗೆ ಮಿರಜವು ಪ್ರಸಿದ್ಧವಾದ ಊರು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಿಯ ಮನ್ನಣೆಯು ದೊರೆತಿದೆ. ಒಣಗಿದ ಬುರುಡೆಗೆ ಮರದ ದಂಡಿಯನ್ನು ಕೂಡಿಸಿ, ನಾಲ್ಕು ತಂತಿಗಳನ್ನು ಕಟ್ಟಿ, ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ನೂಲಿನ ಎಳೆಯೊಂದನ್ನು ಇಟ್ಟು ಸರಿಸುತ್ತಾರೆ. ಕೂದಲೆಳೆಯಷ್ಟು ಸರಿದರೆ ಜವಾರಿಯು ಅರಳುತ್ತದೆ, ಇನ್ನಷ್ಟು ಸರಿದರೆ ಸತ್ತುಹೋಗುತ್ತದೆ. ಕೊಪ್ಪಳದ ಬೇಸಗೆಯ ಒಣಗಾಳಿಗೆ ಶ್ರುತಿಯು ಕದಲುತ್ತದೆ. ಗಾಯಕನು ಹಾಡಿನ ನಡುವೆಯೂ ಬಿರಡೆಗೆ ಕೈ ಹಾಕುತ್ತಾನೆ. ಈಗಿನ ವಿದ್ಯುತ್ತಿನ ಶ್ರುತಿಪೆಟ್ಟಿಗೆಯು ಕದಲುವುದಿಲ್ಲ. ಒಬ್ಬನೇ ಕುಳಿತು ಸಾಧನೆ ಮಾಡುವ ಬಡ ವಿದ್ಯಾರ್ಥಿಗೆ ಅದು ಉಪಕಾರಿಯೇ ಸರಿ. ಆದರೆ ಕದಲದ ಶ್ರುತಿಯನ್ನು ಕಿವಿಯು ಕ್ರಮೇಣ ಮರೆಯುತ್ತದೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ಸಂತ್ರಸ್ತರ ಸಹಾಯಾರ್ಥವಾಗಿ ನಡೆದ ಕಛೇರಿಯಲ್ಲಿ, ಪಂಡಿತ ರವಿಶಂಕರರೂ ಉಸ್ತಾದ ಅಲಿ ಅಕ್ಬರ್ ಖಾನರೂ ವಾದ್ಯಗಳನ್ನು ಶ್ರುತಿಗೂಡಿಸಿ ಮುಗಿಸಿದೊಡನೆ ಸಭೆಯು ಚಪ್ಪಾಳೆ ತಟ್ಟಿತು. ಶ್ರುತಿಗೂಡಿಸುವುದನ್ನೇ ಇಷ್ಟು ಮೆಚ್ಚಿದವರು ವಾದನವನ್ನು ಇನ್ನೂ ಮೆಚ್ಚುವರೆಂದು ಆಶಿಸುವುದಾಗಿ ರವಿಶಂಕರರು ವಿನೋದವಾಗಿ ನುಡಿದರು. ಸಭಿಕರು ಅರಿಯದವರೆಂದು ನಗುವುದು ಸುಲಭ. ಆದರೆ ಅವರು ಎದುರಿಗೆ ಕುಳಿತು, ಮನುಷ್ಯರಿಬ್ಬರು ಶ್ರಮಪಟ್ಟು ಎರಡು ವಾದ್ಯಗಳನ್ನು ಒಂದು ಮಾಡುವುದನ್ನು ಗಮನವಿಟ್ಟು ಕೇಳಿದ್ದರೆಂಬುದೂ ಅಷ್ಟೇ ನಿಜವು. ಮುದ್ರಿಕೆಗಳಲ್ಲಿ ಈ ಶ್ರಮವನ್ನು ಬಹುಮಟ್ಟಿಗೆ ಕತ್ತರಿಸಿಯೇ ಇಡುತ್ತಾರೆ.

ಮುದ್ರಿಕೆಯಿಂದ ಗಾಯಕನಿಗೇ ಒದಗಬಹುದಾದ ಅನ್ಯಾಯವೊಂದನ್ನು ಇಲ್ಲಿ ಹೇಳಬೇಕು. ಧಾರವಾಡದಲ್ಲಿ 1913ರಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರು ತಾರುಣ್ಯದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ತಟ್ಟೆಗಳಿಗೆ ಹಾಡಿದ್ದರು. ಆ ತಟ್ಟೆಗಳಲ್ಲಿ ಕೇಳಿಬರುವುದು ತೆಳುವಾದ, ಎತ್ತರದ ಕೊರಳು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ತರುವಾಯ ಅವರ ಧ್ವನಿಯು ಬದಲಾಗಿ, ಗಂಭೀರವೂ ಭಾರವೂ ಆಯಿತು. ಹಳೆಯ ಕೊರಳು ತಟ್ಟೆಯಲ್ಲಿ ಹಾಗೆಯೇ ಇದ್ದಿತು. ಹಾಡುವವರಲ್ಲಿ ಮಾತ್ರ ಇರಲಿಲ್ಲ. ಕೇಳುವವರು ಆ ತಟ್ಟೆಯನ್ನೇ ಅಳತೆಗೋಲಾಗಿ ಹಿಡಿದು, ಗಾಂಧಾರಿಯ ಧ್ವನಿಯೇ ಬೇಕೆಂದು ಹಟ ಹಿಡಿದಿದ್ದರೆ ಏನಾಗುತ್ತಿದ್ದಿತು? ಆ ಗಂಭೀರವಾದ ಧ್ವನಿಯಿಂದಲೇ ಅವರು ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿ, ಕಿರಾಣಾ ಘರಾಣೆಯ ಹಿರಿಯರಲ್ಲಿ ಒಬ್ಬರೆನಿಸಿ, 2009ರಲ್ಲಿ ಕಾಲವಾದರು. ಸಭೆಯು ಬದಲಾದ ಕೊರಳನ್ನು ಅದು ಇದ್ದಂತೆಯೇ ಕೇಳಿ ಒಪ್ಪಿಕೊಂಡುದರಿಂದ ಅದು ಸಾಧ್ಯವಾಯಿತು. ತಟ್ಟೆಗೆ ವಯಸ್ಸಾಗುವುದಿಲ್ಲ, ವಯಸ್ಸಾಗುವ ಮನುಷ್ಯನನ್ನು ವಯಸ್ಸಾಗದ ವಸ್ತುವಿನಿಂದ ಅಳೆಯುವುದು ಅಧರ್ಮವು. ಆ ಅಳತೆಯನ್ನು ಓಣಿಯ ಹಾಡುಗಾರನ ಮೇಲೆ ಇಡುವುದು ಅದಕ್ಕಿಂತಲೂ ಹೆಚ್ಚಿನ ಅಧರ್ಮವು.

ಇಲ್ಲಿಗೆ ಒಂದು ಆಕ್ಷೇಪವು ಬರಬಹುದು. ಎಲ್ಲ ಮುದ್ರಿಕೆಗಳೂ ಕಛೇರಿಯ ನೆರಳುಗಳೇ ಏನು? ಇಂಗ್ಲೆಂಡಿನ ಬೀಟಲ್ಸ್ ಎಂಬ ನಾಲ್ವರು ವಾದ್ಯಗಾರರ ತಂಡವು 1966ರ ಆಗಸ್ಟ್ 29ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನುಡಿಸಿದ ತರುವಾಯ ಕಛೇರಿಯ ಪ್ರವಾಸಗಳನ್ನೇ ನಿಲ್ಲಿಸಿತು. ಜನರ ಕೂಗಾಟವು ಎಷ್ಟಿದ್ದಿತೆಂದರೆ, ಆ ಕಾಲದ ಧ್ವನಿವರ್ಧಕಗಳಿಂದ ತಾವು ನುಡಿಸಿದ್ದು ತಮಗೇ ಕೇಳದಾಗಿದ್ದಿತು. ಅನಂತರ ಅವರು ಮುದ್ರಣಶಾಲೆಯಲ್ಲಿ ತಿಂಗಳುಗಟ್ಟಲೆ ಕುಳಿತು, ಪದರದ ಮೇಲೆ ಪದರವಾಗಿ ಧ್ವನಿಗಳನ್ನು ಕೂಡಿಸಿ, 1967ರಲ್ಲಿ ಹೊರತಂದ ತಟ್ಟೆಯು ಲೋಕಪ್ರಸಿದ್ಧವಾಯಿತು. ಅಲ್ಲಿ ಮುದ್ರಿಕೆಯೇ ಮೂಲಕೃತಿ. ಈ ಆಕ್ಷೇಪವು ಒಪ್ಪತಕ್ಕದ್ದೇ. ಅಂಥ ಮುದ್ರಿಕೆಯು ಕಾವ್ಯಗ್ರಂಥದಂತೆ. ಕವಿಯ ಪ್ರಯತ್ನವು ಬರೆಯುವಾಗ ಮುಗಿದಿದೆ, ಓದುಗನು ಗ್ರಂಥವನ್ನೇ ಓದುತ್ತಾನೆ. ಆದರೆ ಖ್ಯಾಲಾಗಲಿ ದಾಸರ ಪದವಾಗಲಿ ಆ ಜಾತಿಯದಲ್ಲ. ರಾಗದ ವಿಸ್ತಾರವು ಆಯಾ ಹೊತ್ತಿನಲ್ಲಿ, ಆಯಾ ಸಭೆಯ ಮುಖವನ್ನು ನೋಡಿ ಬೆಳೆಯುವಂಥದು. ಅದರ ಮುದ್ರಿಕೆಯು ನಡೆದುಹೋದ ಒಂದು ಸಂಜೆಯ ಸಾಕ್ಷಿ. ಮತ್ತೂ ಒಂದು ಮಾತು: ಪ್ರವಾಸವನ್ನು ಬಿಟ್ಟ ಆ ನಾಲ್ವರೇ 1969ರ ಜನವರಿ 30ರಂದು ಲಂಡನ್ನಿನ ತಮ್ಮ ಕಚೇರಿಯ ಮಾಳಿಗೆಯನ್ನೇರಿ, ಚಳಿಯಲ್ಲಿ ನಿಂತು, ಬೀದಿಯ ಜನರಿಗೆ ಕೇಳುವಂತೆ ನುಡಿಸಿದರು. ಎಷ್ಟು ಚೆನ್ನಾಗಿ ಮುದ್ರಿಸಿದರೂ ಕೇಳುವವರ ಎದುರಿಗೆ ನುಡಿಸಬೇಕೆಂಬ ಆಸೆಯು ಅವರನ್ನು ಬಿಟ್ಟಿರಲಿಲ್ಲ.

ಸಾಕ್ಷಿಯ ಬೆಲೆಯೇನೆಂಬುದನ್ನು ಕೊಪ್ಪಳದವರಿಗೆ ಬೇರೆ ಹೇಳಬೇಕಾಗಿಲ್ಲ. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅರಸನ ಮಾತು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ತಾನು ಮೊದಲು ಧರ್ಮದಲ್ಲಿ ಅಷ್ಟಾಗಿ ಉತ್ಸಾಹಿಯಾಗಿರಲಿಲ್ಲವೆಂದೂ, ಅನಂತರ ಪ್ರಯತ್ನಶೀಲನಾದೆನೆಂದೂ, ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಪ್ರಯತ್ನಿಸಬೇಕೆಂದೂ, ಈ ಪ್ರಯತ್ನವು ಚಿರಕಾಲ ನಿಲ್ಲಬೇಕೆಂದೂ ಅದರ ತಾತ್ಪರ್ಯವು. ಮೇಣದ ಮೇಲಿನ ಗೀರಿಗಿಂತ ಕಲ್ಲಿನ ಮೇಲಿನ ಗೀರು ಗಟ್ಟಿಯಾದದ್ದು. ಅದು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಾಳಿತು. ಆದರೆ ಆ ಲಿಪಿಯನ್ನು ಓದುವ ಪರಂಪರೆಯು ನಡುವೆ ಕಡಿದುಹೋದುದರಿಂದ ಶತಮಾನಗಳವರೆಗೆ ಅದು ಬರಿಯ ಗೀರಾಗಿ ಉಳಿಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿ, 1931ರಲ್ಲಿ ಕೊಪ್ಪಳದ ಶಾಸನಗಳು ಬೆಳಕಿಗೆ ಬಂದಮೇಲೆಯೇ ಅರಸನ ಮಾತು ಇಲ್ಲಿ ಮತ್ತೆ ಮಾತಾಯಿತು. ಕಲ್ಲು ಅಕ್ಷರವನ್ನು ಕಾಪಾಡೀತು, ಓದುವವನನ್ನು ಕಾಪಾಡಲಾರದು. ಹಾಗೆಯೇ ಮುದ್ರಿಕೆಯು ಧ್ವನಿಯನ್ನು ಕಾಪಾಡೀತು; ಮೀಂಡವು ಎಲ್ಲಿ ಹುಟ್ಟಿ ಎಲ್ಲಿ ತಂಗುತ್ತದೆಂಬುದನ್ನು ಬಲ್ಲ ಕೊರಳನ್ನೂ ಕಿವಿಯನ್ನೂ ಅದು ಕಾಪಾಡಲಾರದು. ಆ ಕೆಲಸವು ಮನುಷ್ಯರಿಂದ ಮನುಷ್ಯರಿಗೇ ನಡೆಯಬೇಕು.

ಈಗ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಮದುವೆಯ ಮನೆಯವರು ಭೀಮಸೇನ ಜೋಶಿಯವರಿಗೆ ಅನ್ಯಾಯ ಮಾಡಲಿಲ್ಲ. ಅವರು ಒಪ್ಪಿಯೇ ತಮ್ಮ ಧ್ವನಿಯನ್ನು ಮುದ್ರಿಕೆಗೆ ಕೊಟ್ಟವರು. ಓಣಿಯ ಹಾಡುಗಾರನಿಗೂ, ಲೌಕಿಕ ವ್ಯವಹಾರದ ಅರ್ಥದಲ್ಲಿ, ಅನ್ಯಾಯವಾಗಲಿಲ್ಲ; ಅವನನ್ನು ಕರೆಯುತ್ತೇವೆಂದು ಯಾರೂ ಮಾತು ಕೊಟ್ಟಿರಲಿಲ್ಲ. ತಪ್ಪು ನಡೆದದ್ದು ಋಣದ ವಿಷಯದಲ್ಲಿ. ಮನುಷ್ಯನು ಮೂರು ಋಣಗಳೊಡನೆ ಹುಟ್ಟುತ್ತಾನೆಂದು ಶ್ರುತಿಯು ಹೇಳುತ್ತದೆ. ಅವುಗಳಲ್ಲಿ ಋಷಿಋಣವೂ ಪಿತೃಋಣವೂ ತೀರುವ ಬಗೆಯು ವಿಲಕ್ಷಣವಾದುದು. ಋಷಿಗಳ ಸಾಲವನ್ನು ಋಷಿಗಳಿಗೆ ಹಿಂದಿರುಗಿಸಲಾಗದು. ವಿದ್ಯೆಯನ್ನು ಅಭ್ಯಸಿಸಿ ಮುಂದಿನವರಿಗೆ ದಾಟಿಸುವುದರಿಂದ ಅದು ತೀರುತ್ತದೆ. ಪಿತೃಗಳ ಸಾಲವು ಸಂತಾನದಿಂದ ತೀರುತ್ತದೆ. ಕೊಟ್ಟವರು ಒಬ್ಬರು, ಸಲ್ಲಬೇಕಾದದ್ದು ಇನ್ನೊಬ್ಬರಿಗೆ. ಮುದ್ರಿಕೆಯನ್ನು ಕೇಳಿ ಸಂತೋಷಪಟ್ಟವನು ಅಬ್ದುಲ್ ಕರೀಮರಿಗೂ ಸವಾಯಿ ಗಂಧರ್ವರಿಗೂ ಭೀಮಸೇನರಿಗೂ ಗಂಗೂಬಾಯಿಯವರಿಗೂ ಋಣಿಯಾದನು. ಅವರಾರೂ ಬಂದು ಕೇಳುವವರಲ್ಲ. ಆ ಸಾಲವು ಸಲ್ಲಬೇಕಾದದ್ದು ಇಂದು ಹಾಡುತ್ತಿರುವವನಿಗೆ, ಇಂದು ಕಲಿಯುತ್ತಿರುವ ಹುಡುಗನಿಗೆ.

ಆ ಹಾಡುಗಾರನು ಭೀಮಸೇನರಂತೆ ಹಾಡುವುದಿಲ್ಲವಲ್ಲ ಎಂದರೆ, ಸಂತಾನವು ತಂದೆಗಿಂತ ಹೆಚ್ಚಿನದಾಗಿದ್ದರೆ ಮಾತ್ರ ಪಿತೃಋಣವು ತೀರುವುದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು ತಾವು ಅಂಧರಾಗಿದ್ದು, ಅಂಧರೂ ಬಡವರೂ ಆದ ಮಕ್ಕಳನ್ನು ಕೂಡಿಸಿಕೊಂಡು, ಊರೂರು ಸಂಚರಿಸಿ, ಭಿಕ್ಷೆಯಿಂದ ಸಾಕಿ ಸಂಗೀತವನ್ನು ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರ ವರೆಗೆ ಅದೇ ಕಾರ್ಯವನ್ನು ನಡೆಸಿದರು. ಆ ಮಕ್ಕಳೆಲ್ಲರೂ ಮಹಾಗಾಯಕರಾಗುವರೆಂದು ಎಣಿಸಿ ಅವರು ಕಲಿಸಲಿಲ್ಲ. ಅನೇಕರು ಸಣ್ಣ ಊರುಗಳಲ್ಲಿ ಪೇಟಿ, ತಬಲಗಳನ್ನು ಕಲಿಸುತ್ತ, ಪುರಾಣ ಪ್ರವಚನಗಳಲ್ಲಿ ಹಾಡುತ್ತ ಬದುಕಿದರು. ಈ ಸೀಮೆಯ ಹಳ್ಳಿಗಳಲ್ಲಿ ರಾಗದ ಹೆಸರನ್ನು ಬಲ್ಲ ಕಿವಿಗಳಿದ್ದರೆ ಅದು ಅಂಥವರ ಪುಣ್ಯದಿಂದಲೇ. ಅಂಥ ಕಿವಿಗಳಿಲ್ಲದಿದ್ದರೆ ತಟ್ಟೆಯಲ್ಲಿರುವ ಭೀಮಸೇನರೂ ಗವಿಮಠದ ಗೀರುಗಳಂತೆ ಓದುವವರಿಲ್ಲದೆ ಉಳಿದಾರು.

ಆದುದರಿಂದ ಯಂತ್ರವನ್ನು ಮನೆಯಿಂದ ಹೊರಗೆ ಹಾಕಬೇಕೆಂಬುದು ಇಲ್ಲಿಯ ಸಿದ್ಧಾಂತವಲ್ಲ. ಮುದ್ರಿಕೆಯನ್ನು ಕೇಳಬೇಕು, ಊಟದ ಗದ್ದಲಕ್ಕೆ ಜೊತೆಯಾಗಿ ಅಲ್ಲ, ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕುಳಿತು, ಮಾತು ನಿಲ್ಲಿಸಿ ಕೇಳಬೇಕು. ಶುಭಕಾರ್ಯಗಳಲ್ಲಿ ಒಂದು ತಾಸಾದರೂ ಜೀವಂತವಾದ ಕೊರಳಿಗೆ ಎಡೆ ಕೊಡಬೇಕು. ಅವನು ಶ್ರುತಿಗೂಡಿಸುವಷ್ಟು ಹೊತ್ತು ಕಾಯಬೇಕು. ಅವನ ಕೊರಳು ಒಡೆದರೆ ನಗದೆ, ಮತ್ತೆ ಏರುವವರೆಗೆ ಜೊತೆಗಿರಬೇಕು. ಮಕ್ಕಳಲ್ಲಿ ಒಬ್ಬರನ್ನಾದರೂ ಅವನ ಬಳಿ ಕೂಡಿಸಬೇಕು. ಇವು ಹೆಚ್ಚಿನ ವೆಚ್ಚದ ಕೆಲಸಗಳಲ್ಲ. ಗದಗಿನ ಬಾಲಕನು ತಟ್ಟೆಯ ಹಾಡನ್ನು ಕೇಳಿ, ಜೀವಂತವಾದ ಕೊರಳನ್ನು ಅರಸುತ್ತ ಜಾಲಂಧರದವರೆಗೆ ಹೋದನು. ಗೃಹಸ್ಥನು ಓಣಿಯ ಕೊನೆಯವರೆಗೆ ಹೋಗಿ ಬಂದರೆ ಸಾಕು.